ಪಿಂಚಣಿಗೆ ಖಜಾನೆಯಿಂದ ಎಷ್ಟು ಹೋಗುತ್ತದೆ? ನೀವೇ ಲೆಕ್ಕ ಹಾಕಿ

ಸರ್ಕಾರದ ಖರ್ಚು ಇಳಿಸಬೇಕು ಎಂಬ ಮಾತು ಬಂದ ಕೂಡಲೇ ಬೆರಳು ಪಿಂಚಣಿಯ ಕಡೆಗೆ ಹೋಗುತ್ತದೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಒಬ್ಬರು ‘ನಿವೃತ್ತರಿಗೆ ಕೊಟ್ಟೇ ಖಜಾನೆ ಖಾಲಿ’ ಎಂದರೆ, ಮಂಗಳೂರಿನ ಹಂಪನಕಟ್ಟೆಯಲ್ಲಿ ಇನ್ನೊಬ್ಬರು ‘ಎನ್‌ಪಿಎಸ್ ತಂದು ನೌಕರರ ಕೈ ಬಿಟ್ಟರು’ ಎನ್ನುತ್ತಾರೆ. (ಎನ್‌ಪಿಎಸ್ ಎಂದರೆ ನೌಕರರೂ ಸರ್ಕಾರವೂ ತಿಂಗಳು ತಿಂಗಳು ನಿಧಿಗೆ ವಂತಿಗೆ ಕಟ್ಟುವ ಹೊಸ ಪಿಂಚಣಿ ಪದ್ಧತಿ; ಹಳೆಯದರಲ್ಲಿ ಭಾರ ಪೂರ್ತಿ ಸರ್ಕಾರದ್ದು.) ಎರಡನ್ನೂ ಪರೀಕ್ಷಿಸಲು ಬೇಕಾದ ಅಂಕಿಗಳು ಎಲ್ಲರಿಗೂ ತೆರೆದ ಬಜೆಟ್ ಪುಸ್ತಕಗಳಲ್ಲೇ ಇವೆ. ಲೆಕ್ಕ ಶುರು ಮಾಡುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಲಿ: ಈ ವರ್ಷ ಖಜಾನೆಯಿಂದ ಹೋಗುವ ಪಿಂಚಣಿ ಹಣ ಬೇರೆ, ಈ ವರ್ಷ ದುಡಿಯುತ್ತಿರುವ ನೌಕರರ ಪಿಂಚಣಿಯ ವೆಚ್ಚ ಬೇರೆ. ಚರ್ಚೆ ದಾರಿ ತಪ್ಪುವುದು ಬಹುಪಾಲು ಇವೆರಡನ್ನು ಬೆರೆಸುವುದರಿಂದ.

ಹಂತ 1: ಯಾರ ಪಿಂಚಣಿ ಎಂದು ಬೇರ್ಪಡಿಸಿ

ಉಡುಪಿ, ದಕ್ಷಿಣ ಕನ್ನಡ – ನಮ್ಮ ಈ ಎರಡು ಜಿಲ್ಲೆಗಳಲ್ಲಿ ಈ ಹಂತ ತೀರ ಮುಖ್ಯ, ಏಕೆಂದರೆ ಇಲ್ಲಿ ಬ್ಯಾಂಕ್ ನಿವೃತ್ತರು ಬಹಳ. ಈಗ ಕೆನರಾ ಬ್ಯಾಂಕಿನಲ್ಲಿ ಸೇರಿರುವ ಸಿಂಡಿಕೇಟ್, ಯೂನಿಯನ್ ಬ್ಯಾಂಕಿನಲ್ಲಿ ಸೇರಿರುವ ಕಾರ್ಪೊರೇಶನ್, ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿರುವ ವಿಜಯಾ ಬ್ಯಾಂಕುಗಳ ನಿವೃತ್ತರ ಪಿಂಚಣಿ ಆಯಾ ಬ್ಯಾಂಕಿನ ಪಿಂಚಣಿ ನಿಧಿಯಿಂದ ಬರುತ್ತದೆ. ರಾಜ್ಯ ಬಜೆಟ್‌ನಿಂದ ಅದಕ್ಕೆ ಒಂದು ಪೈಸೆಯೂ ಹೋಗುವುದಿಲ್ಲ. ರೈಲ್ವೆ, ಅಂಚೆ, ಸೇನೆಯ ನಿವೃತ್ತರದು ಕೇಂದ್ರದ ಲೆಕ್ಕ. ಬೀಡಿ ಕಟ್ಟುವ ಹೆಂಗಸರಿಗೆ ಸಿಗುವುದು ಪಿಎಫ್ ಕಚೇರಿಯ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿ. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಸಂಧ್ಯಾ ಸುರಕ್ಷಾ, ವಿಧವಾ ವೇತನದಂಥವು ರಾಜ್ಯ ಬಜೆಟ್‌ನಲ್ಲೇ ಇದ್ದರೂ 2235 ಎಂಬ ಸಾಮಾಜಿಕ ಭದ್ರತೆಯ ಲೆಕ್ಕ ಶೀರ್ಷಿಕೆಗೆ ಸೇರುತ್ತವೆ.

ಇವನ್ನೆಲ್ಲ ತೆಗೆದ ಮೇಲೆ ಉಳಿಯುವುದು ರಾಜ್ಯ ಸರ್ಕಾರದ ನಿವೃತ್ತ ನೌಕರರು, ಶಿಕ್ಷಕರು, ಪೊಲೀಸರು ಮತ್ತು ಅವರ ಕುಟುಂಬದವರು. ಮುಂದಿನ ಲೆಕ್ಕ ಇವರದು ಮಾತ್ರ.

ಹಂತ 2: 2071 ಹುಡುಕಿ

ರಾಜ್ಯ ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಆಯಾ ವರ್ಷದ ಬಜೆಟ್ ಪುಸ್ತಕಗಳಿವೆ. ಕಡತ ತೆರೆದು ‘2071’ ಎಂದು ಹುಡುಕಿ. ‘ಪಿಂಚಣಿ ಮತ್ತು ಇತರ ನಿವೃತ್ತಿ ಸೌಲಭ್ಯ’ಗಳ ಪ್ರಧಾನ ಶೀರ್ಷಿಕೆ ಇದು. ದೇಶದ ಎಲ್ಲ ರಾಜ್ಯಗಳಲ್ಲೂ ಇದೇ ಸಂಖ್ಯೆ ಇರುವುದರಿಂದ ಕೇರಳದ ಜೊತೆ ಹೋಲಿಸಬೇಕೆಂದರೂ ಕಷ್ಟವಿಲ್ಲ.

ಅದರೊಳಗಿನ ಉಪವಿಭಾಗಗಳಲ್ಲಿ ಇವನ್ನು ಬರೆದಿಟ್ಟುಕೊಳ್ಳಿ:

101 – ತಿಂಗಳ ನಿವೃತ್ತಿ ವೇತನ
102 – ಕಮ್ಯೂಟೇಶನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡಿಗಂಟಿನಲ್ಲಿ ಪಡೆದದ್ದು
104 – ಗ್ರಾಚ್ಯುಟಿ
105 – ಕುಟುಂಬ ಪಿಂಚಣಿ
111 – ಶಾಸಕರ ಪಿಂಚಣಿ
115 – ಗಳಿಕೆ ರಜೆ ನಗದೀಕರಣ
117 – ಎನ್‌ಪಿಎಸ್‌ಗೆ ಸರ್ಕಾರದ ವಂತಿಗೆ

ಪ್ರತಿ ಸಾಲಿನ ಮುಂದೆ ಹಿಂದಿನ ವರ್ಷಗಳ ಲೆಕ್ಕ (ನಿಜವಾಗಿ ಖರ್ಚಾದದ್ದು), ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು ಎಂದು ಬೇರೆ ಬೇರೆ ಅಂಕಣಗಳಿರುತ್ತವೆ. ಲೆಕ್ಕವನ್ನು ಲೆಕ್ಕದ ಜೊತೆ, ಅಂದಾಜನ್ನು ಅಂದಾಜಿನ ಜೊತೆಗೇ ಹೋಲಿಸಬೇಕು. ಕಳೆದ ವರ್ಷದ ಲೆಕ್ಕವನ್ನು ಈ ವರ್ಷದ ಅಂದಾಜಿನ ಪಕ್ಕ ಇಟ್ಟು ‘ಇಷ್ಟು ಏರಿತು’ ಎಂದು ಬರೆಯುವವರಿದ್ದಾರೆ. ಆ ಏರಿಕೆಯಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂದು ಯಾರಿಗೂ ತಿಳಿಯದು.

ಶಾಸಕರ ಪಿಂಚಣಿ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು 111 ಮತ್ತು 101ರ ಮೊತ್ತಗಳನ್ನು ಒಂದರ ಪಕ್ಕ ಒಂದು ಬರೆದು ನೋಡಲಿ. ಅದು ನ್ಯಾಯವೋ ಅಲ್ಲವೋ ಎಂಬುದು ಕೇಳಲೇಬೇಕಾದ ಪ್ರಶ್ನೆ. ಆದರೆ ಖಜಾನೆಯ ಭಾರ ಇಳಿಸುವ ದಾರಿ ಅಲ್ಲಿಲ್ಲ.

ಹಂತ 3: ಒಂದು ವರ್ಷದ ಜಿಗಿತ ಕಂಡು ಬೆಚ್ಚಬೇಡಿ

102, 104, 115 – ಈ ಮೂರೂ ಒಬ್ಬ ನೌಕರರಿಗೆ ಒಂದೇ ಸಲ ಕೊಡುವ ಮೊತ್ತಗಳು. ಹೆಚ್ಚು ಜನ ನಿವೃತ್ತರಾದ ವರ್ಷ ಇವು ಉಬ್ಬಿ, ಮುಂದೆ ಇಳಿಯುತ್ತವೆ. ವೇತನ ಆಯೋಗ ಜಾರಿಯಾದ ವರ್ಷವೂ ಹಾಗೆಯೇ. 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಪಿಂಚಣಿ 13,500, ಗರಿಷ್ಠ 1,20,600 ರೂಪಾಯಿ ಆಯಿತು. ಆದ್ದರಿಂದ 2023-24 ಮತ್ತು 2025-26ನ್ನು ನೇರವಾಗಿ ಹೋಲಿಸಿದರೆ ಚಿತ್ರ ವಿಕಾರವಾಗುತ್ತದೆ. ಐದು ವರ್ಷಗಳ ಅಂಕಿ ತೆಗೆದುಕೊಂಡು 101 ಮತ್ತು 105ನ್ನು ಮಾತ್ರ ಕೂಡಿಸಿ ನೋಡಿ, ನಿಜವಾದ ಏರಿಕೆಯ ವೇಗ ಅಲ್ಲಿ ಕಾಣುತ್ತದೆ.

ಕಮ್ಯೂಟೇಶನ್ ಹೆಚ್ಚುವರಿ ಸೌಲಭ್ಯವಲ್ಲ. ನಮ್ಮ ರಾಜ್ಯದಲ್ಲಿ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಗಡ ಪಡೆಯಬಹುದು. ಅಷ್ಟು ಭಾಗ ಮುಂದಿನ 15 ವರ್ಷ ತಿಂಗಳ ಪಿಂಚಣಿಯಲ್ಲಿ ಕಡಿತವಾಗುತ್ತದೆ.

ಹಂತ 4: ಸರಿಯಾದ ಸಂಖ್ಯೆಯಿಂದ ಭಾಗಿಸಿ

2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ 1,16,000 ಕೋಟಿ ಸಾಲ. ತೆರಿಗೆ, ಕೇಂದ್ರದ ಪಾಲು ಮುಂತಾಗಿ ಬರುವ ರಾಜಸ್ವ ಸ್ವೀಕೃತಿಯ ಅಂದಾಜು 2,92,477 ಕೋಟಿ. ಸಾಲ ತಂದು ಪಿಂಚಣಿ ಕೊಡುವುದು ಆರೋಗ್ಯಕರವಲ್ಲ, ಹಾಗಾಗಿ ಭಾಗಿಸಬೇಕಾದದ್ದು ರಾಜಸ್ವ ಸ್ವೀಕೃತಿಯಿಂದ. 10,000 ಕೋಟಿಯ ಖರ್ಚು ಬಜೆಟ್ ಗಾತ್ರದ ಶೇ 2.4, ರಾಜಸ್ವ ಸ್ವೀಕೃತಿಯ ಶೇ 3.4. ಪರವಾಗಿ ವಾದಿಸುವವರು ಮೊದಲನೆಯದನ್ನೂ ವಿರೋಧಿಸುವವರು ಎರಡನೆಯದನ್ನೂ ಹೇಳುವುದು ಏಕೆಂದು ಈಗ ತಿಳಿಯುತ್ತದೆ.

ಸಂಬಳ, ಪಿಂಚಣಿ, ಬಡ್ಡಿ (2049ರ ಶೀರ್ಷಿಕೆ) ಮೂರನ್ನೂ ಕೂಡಿಸಿದರೆ ಅದು ಬದ್ಧ ವೆಚ್ಚ, ಅಂದರೆ ಕೊಡಲೇಬೇಕಾದ ಖರ್ಚು. ಬಜೆಟ್ ಜೊತೆಗೇ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಮುಂದಿನ ವರ್ಷಗಳ ಅಂದಾಜೂ ಸಿಗುತ್ತದೆ.

ಹಂತ 5: ಒಬ್ಬ ನೌಕರರ ಪಿಂಚಣಿಗೆ ಎಷ್ಟು ಬೇಕು?

ಮೊದಲು ಹಳೆ ಪಿಂಚಣಿ. ಕೊನೆಯ ಮೂಲವೇತನ 60,000, ಸೇವೆ 30 ವರ್ಷ ಎಂದುಕೊಳ್ಳಿ. ಪಿಂಚಣಿ ಅದರ ಅರ್ಧ, 30,000. ಸೇವೆ 25 ವರ್ಷವಾಗಿದ್ದರೆ 30ರಲ್ಲಿ 25 ಭಾಗ, ಅಂದರೆ 25,000. 10 ವರ್ಷಕ್ಕಿಂತ ಕಡಿಮೆ ಸೇವೆಗೆ ತಿಂಗಳ ಪಿಂಚಣಿ ಇಲ್ಲ.

30,000 ಎಂದರೆ ವರ್ಷಕ್ಕೆ 3.6 ಲಕ್ಷ. ತುಟ್ಟಿಭತ್ಯೆ ಸೇರಿ ಇದು ವರ್ಷಕ್ಕೆ ಶೇ 5 ಏರುತ್ತದೆ, ನಿವೃತ್ತರು 20 ವರ್ಷ ಬದುಕುತ್ತಾರೆ, ನಂತರ ಪತಿ ಅಥವಾ ಪತ್ನಿಗೆ 5 ವರ್ಷ ಕುಟುಂಬ ಪಿಂಚಣಿ (ಕೊನೆಯ ವೇತನದ ಶೇ 30ರ ಆಧಾರದಲ್ಲಿ, ಅದೇ ಏರಿಕೆಯೊಂದಿಗೆ) ಎಂದು ಊಹಿಸೋಣ. ನಿವೃತ್ತಿಯ ದಿನವೇ ಶೇ 7ರ ಬಡ್ಡಿಯಲ್ಲಿ ಹಣ ಇಟ್ಟು ಇದನ್ನೆಲ್ಲ ತೀರಿಸಬೇಕೆಂದರೆ ನೌಕರರ ಪಾಲಿಗೆ ಸುಮಾರು 56.6 ಲಕ್ಷ, ಕುಟುಂಬ ಪಿಂಚಣಿಗೆ 6.7 ಲಕ್ಷ, ಒಟ್ಟು ಸುಮಾರು 63 ಲಕ್ಷ ಬೇಕು. ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ 25 ಸಾಲು ಮಾಡಿ, ಪ್ರತಿ ವರ್ಷದ ಮೊತ್ತವನ್ನು 1.07ರಿಂದ, ಅದು ಎಷ್ಟನೇ ವರ್ಷವೋ ಅಷ್ಟು ಸಲ, ಭಾಗಿಸಿ ಕೂಡಿಸಿದರೆ ಇದೇ ಉತ್ತರ ಬರುತ್ತದೆ. ಬಡ್ಡಿ ಲೆಕ್ಕಿಸದೆ ತಿಂಗಳ ಮೊತ್ತವನ್ನು 240ರಿಂದ ಗುಣಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

ಹಂತ 6: ಅದೇ ನೌಕರರು ಎನ್‌ಪಿಎಸ್‌ನಲ್ಲಿದ್ದರೆ?

ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್. (ಅದಕ್ಕೂ ಮೊದಲೇ ನೇಮಕಾತಿ ಅಧಿಸೂಚನೆಯಾಗಿ ನಂತರ ಸೇರಿದವರಿಗೆ ಹಳೆ ಪಿಂಚಣಿಯ ಅವಕಾಶವನ್ನು ಸರ್ಕಾರ 2024ರಲ್ಲಿ ಕೊಟ್ಟಿತು.) ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ನೌಕರರಿಂದ, ಶೇ 14 ಸರ್ಕಾರದಿಂದ, ಒಟ್ಟು ಶೇ 24.

ಇಲ್ಲಿ ಒಂದು ಸುಲಭ ದಾರಿಯಿದೆ. ಸಂಬಳ ಏರುವ ವೇಗವೂ ನಿಧಿಯ ಗಳಿಕೆಯೂ ಒಂದೇ ಆಗಿದ್ದರೆ, ಪ್ರತಿ ವರ್ಷದ ವಂತಿಗೆ ನಿವೃತ್ತಿಯ ದಿನ ಒಂದೇ ಬೆಲೆಯದಾಗುತ್ತದೆ. ಆಗ ಕೊನೆಯ ವರ್ಷದ ವಂತಿಗೆಯನ್ನು ಸೇವೆಯ ವರ್ಷಗಳಿಂದ ಗುಣಿಸಿದರೆ ಸಾಕು. 60,000ಕ್ಕೆ ಶೇ 10 ತುಟ್ಟಿಭತ್ಯೆ ಸೇರಿಸಿದರೆ ವರ್ಷಕ್ಕೆ 7.92 ಲಕ್ಷ. ಅದರ ಶೇ 24 ಎಂದರೆ 1.9 ಲಕ್ಷ. 30 ವರ್ಷಕ್ಕೆ 57 ಲಕ್ಷ.

ಹಳೆ ಪಿಂಚಣಿಗೆ ಬೇಕಾದ 63 ಲಕ್ಷಕ್ಕೂ ಇದಕ್ಕೂ ಆಕಾಶ ಭೂಮಿಯ ಅಂತರವೇನಿಲ್ಲ. ಅಂತರ ಇರುವುದು ಕೊಡುವವರಲ್ಲಿ. ಈ ಉದಾಹರಣೆಯಲ್ಲಿ 63 ಲಕ್ಷ ಕೂಡಲು ಸಂಬಳದ ಸುಮಾರು ಶೇ 26.6 ವಂತಿಗೆ ಬೇಕು. ಹಳೆ ಪದ್ಧತಿಯಲ್ಲಿ ಅದಷ್ಟೂ ಸರ್ಕಾರದ್ದು. ಎನ್‌ಪಿಎಸ್‌ನಲ್ಲಿ ಸರ್ಕಾರದ್ದು ಶೇ 14.

ಇನ್ನು ಗಳಿಕೆಯನ್ನು ಬದಲಿಸಿ ನೋಡಿ. ಸಂಬಳ ಶೇ 7ರಂತೆ ಏರಿ, ನಿಧಿಯ ಗಳಿಕೆ ಶೇ 9 ಆದರೆ ಸುಮಾರು 75.5 ಲಕ್ಷ; ಶೇ 5 ಆದರೆ 44 ಲಕ್ಷ. ಈ ಏರುಪೇರಿನ ಹೊಣೆ ಹೊರುವವರು ಪೂರ್ತಿಯಾಗಿ ನೌಕರರು. 57 ಲಕ್ಷ ಕೂಡಿದರೂ ಕನಿಷ್ಠ ಶೇ 40, ಅಂದರೆ 22.8 ಲಕ್ಷವನ್ನು ವಿಮಾ ಕಂಪನಿಯ ಆ್ಯನ್ಯುಟಿಗೆ (ಇಡಿಗಂಟು ಪಡೆದು ತಿಂಗಳು ತಿಂಗಳು ಹಣ ಕೊಡುವ ಯೋಜನೆಗೆ) ಹಾಕಬೇಕು. ಶೇ 6ರ ದರದಲ್ಲಿ ಅದರಿಂದ ಬರುವುದು ತಿಂಗಳಿಗೆ 11,400 ರೂಪಾಯಿ, ಸಾಮಾನ್ಯ ಆ್ಯನ್ಯುಟಿಯಾದರೆ ತುಟ್ಟಿಭತ್ಯೆಯೂ ಇಲ್ಲ. ಉಳಿದ 34.2 ಲಕ್ಷ ಕೈಗೆ ಸಿಗುತ್ತದೆ, ಆದರೆ ಅದು ಮಗಳ ಮದುವೆಗೆ, ಮನೆ ಸಾಲಕ್ಕೆ ಹೋದರೆ ಇಳಿವಯಸ್ಸಿಗೆ ಆಧಾರ ಆ 11,400 ಮಾತ್ರ. ನೌಕರರ ಆತಂಕಕ್ಕೆ ಕಾರಣ ಇದು, ಮತ್ತು ಅದು ನ್ಯಾಯವಾದ ಆತಂಕ.

ಹಂತ 7: ‘ಉಳಿತಾಯ’ದ ಮಾತನ್ನು ವರ್ಷದೊಂದಿಗೆ ಕೇಳಿ

2006ರ ಮಾರ್ಚ್‌ನಲ್ಲಿ 25ನೇ ವಯಸ್ಸಿಗೆ ಸೇರಿದವರು 60ಕ್ಕೆ ನಿವೃತ್ತರಾಗುವುದು 2041ರಲ್ಲಿ. ಅವರಿಗೂ ಕುಟುಂಬಕ್ಕೂ ಹಳೆ ಪಿಂಚಣಿ 2060ರ ಆಚೆಗೂ ಹೋಗಬಹುದು. ಅಲ್ಲಿಯವರೆಗೆ ಸರ್ಕಾರ 101ರಲ್ಲೂ ಕೊಡಬೇಕು, 117ರಲ್ಲೂ ಕಟ್ಟಬೇಕು. ಎನ್‌ಪಿಎಸ್ ತಂದ ಕೂಡಲೇ ಖರ್ಚು ಇಳಿಯದಿರುವುದಕ್ಕೆ ಕಾರಣ ಇಷ್ಟೇ.

ಹಳೆ ಪಿಂಚಣಿಗೆ ಮರಳಿದರೆ ಇದರ ತಲೆಕೆಳಗು. 117ರ ಶೇ 14 ನಾಳೆಯೇ ಉಳಿಯುತ್ತದೆ, ಬಜೆಟ್ ಹಗುರವಾದಂತೆ ಕಾಣುತ್ತದೆ. ಬಿಲ್ಲು ಬರುವುದು ಈಗಿನ ನೌಕರರು ಗುಂಪು ಗುಂಪಾಗಿ ನಿವೃತ್ತರಾಗುವ ಕಾಲಕ್ಕೆ, ಬೇರೆ ಸರ್ಕಾರದ ಕೈಗೆ. ಮರಳಲೇಬೇಕೆಂದಿದ್ದರೆ ಆ ಶೇ 14ನ್ನು ಪ್ರತ್ಯೇಕ ನಿಧಿಯಲ್ಲಿ ಇಡುತ್ತಾ ಹೋಗುವುದು ಕನಿಷ್ಠ ಪ್ರಾಮಾಣಿಕತೆ. ಕೇಂದ್ರ 2025ರ ಏಪ್ರಿಲ್‌ನಿಂದ ತಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ 25 ವರ್ಷ ಸೇವೆಗೆ ಅರ್ಧ ಮೂಲವೇತನದ ಖಾತ್ರಿಯಿದೆ. ಅದಕ್ಕೆ ನೌಕರರ ಶೇ 10ರ ಜೊತೆ ಸರ್ಕಾರ ಶೇ 18.5 ಕಟ್ಟುತ್ತದೆ. ಖಾತ್ರಿಗೆ ಎಷ್ಟು ಬೆಲೆ ಎಂಬುದು ಈ ಅಂಕಿಯಲ್ಲಿದೆ.

ಹುದ್ದೆ ಖಾಲಿ ಬಿಟ್ಟು ಖರ್ಚು ಇಳಿಸಿದೆವು ಎನ್ನುವುದನ್ನೂ ಹೀಗೆಯೇ ನೋಡಿ. ಸಂಬಳ ಉಳಿಯುತ್ತದೆ, ಆದರೆ ಆಗಲೇ ನಿವೃತ್ತರಾದವರ ಪಿಂಚಣಿಯಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಹೊರಗುತ್ತಿಗೆಯವರನ್ನು ತೆಗೆದುಕೊಂಡರೆ ಆ ಖರ್ಚು ಸಂಬಳದ ಸಾಲಿನಿಂದ ಬೇರೆ ಸಾಲಿಗೆ ಹೋಗಿರುತ್ತದೆ. ಇಲಾಖೆಯ ಒಟ್ಟು ಮೊತ್ತ ನೋಡದೆ ಒಪ್ಪಬೇಡಿ.

ಜಿಲ್ಲೆಯ ಅಂಕಿ ಬೇಕಿದ್ದರೆ

ಬಜೆಟ್ ಪುಸ್ತಕ ಇಡೀ ರಾಜ್ಯದ್ದು. ಉಡುಪಿ ಅಥವಾ ದಕ್ಷಿಣ ಕನ್ನಡದ ಅಂಕಿಗೆ ಜಿಲ್ಲಾ ಖಜಾನೆಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಪಿಂಚಣಿಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಹೀಗೆ ಬರೆಯಿರಿ: ‘ಈ ಖಜಾನೆಯ ವ್ಯಾಪ್ತಿಯಲ್ಲಿ ಕಳೆದ ಐದು ಆರ್ಥಿಕ ವರ್ಷಗಳ ಪ್ರತಿ ಮಾರ್ಚ್ 31ಕ್ಕೆ ಇದ್ದ ಸೇವಾ ಪಿಂಚಣಿದಾರರ ಸಂಖ್ಯೆ, ಕುಟುಂಬ ಪಿಂಚಣಿದಾರರ ಸಂಖ್ಯೆ, 2071ರ ಅಡಿ ಆಯಾ ವರ್ಷ ಪಾವತಿಸಿದ ಒಟ್ಟು ಮೊತ್ತ.’ ಉತ್ತರ ಬಾರದಿದ್ದರೆ ಅವಧಿ ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.