ಷೇಕ್ಸ್‌ಪಿಯರ್ ಕಾಲದ ನಾಟಕಗಳಲ್ಲಿ ಪರದೇಶ: ಓದುವ ಕ್ರಮ

1580ರ ದಶಕದಿಂದ 1642ರಲ್ಲಿ ರಂಗಮಂದಿರಗಳಿಗೆ ಬೀಗ ಬೀಳುವವರೆಗೆ ಲಂಡನ್ನಿನ ನಾಟಕಕಾರರು ವೆನಿಸ್, ಮಾಲ್ಟಾ, ಟುನಿಸ್, ಮೊಲುಕ್ಕಾ ದ್ವೀಪಗಳನ್ನೆಲ್ಲ ರಂಗಕ್ಕೆ ತಂದರು. ಅವರಲ್ಲಿ ಹೆಚ್ಚಿನವರು ಆ ಊರುಗಳನ್ನು ಕಂಡವರಲ್ಲ. ಹಾಗಾಗಿ ಬರೆಯುವಾಗ ಅವರ ಕೈಯಲ್ಲಿ ಯಾವ ಪುಸ್ತಕವಿತ್ತು, ಯಾವ ನಕ್ಷೆಯಿತ್ತು ಎಂದು ಮೊದಲು ಹುಡುಕಬೇಕು.

ಒಂದೇ ನಾಟಕ ಹಿಡಿದುಕೊಳ್ಳಿ. ಅದರಲ್ಲಿ ಬರುವ ಪ್ರತಿ ಸ್ಥಳನಾಮವನ್ನೂ ಅಂಕ, ದೃಶ್ಯ, ಆಡಿದ ಪಾತ್ರದ ಸಮೇತ ಪಟ್ಟಿ ಮಾಡಿ. ಪಕ್ಕದಲ್ಲಿ ಎರಡು ಇಸವಿ ಬರೆಯಿರಿ: ನಾಟಕ ರಚನೆಯಾದದ್ದು, ಅಚ್ಚಾದದ್ದು. ಮಾರ್ಲೋನ 'ದ ಜ್ಯೂ ಆಫ್ ಮಾಲ್ಟಾ' ಸುಮಾರು 1590ರದು, ನಮಗೆ ಸಿಕ್ಕಿರುವ ಮುದ್ರಣ 1633ರದು. ಮುದ್ರಣದ ಇಸವಿಯನ್ನೇ ನಂಬಿದರೆ 1565ರಲ್ಲಿ ತುರ್ಕರು ಮಾಲ್ಟಾಕ್ಕೆ ಹಾಕಿದ ಮುತ್ತಿಗೆಯ ನೆನಪು ಇನ್ನೂ ಹಸಿಯಾಗಿದ್ದ ಕಾಲದ ನಾಟಕವನ್ನು ಒಂದನೇ ಚಾರ್ಲ್ಸ್‌ನ ಆಳ್ವಿಕೆಗೆ ಕಟ್ಟಿಬಿಡುತ್ತೀರಿ.

ಆಮೇಲೆ ಆಕರಗಳು. ಭೂಗೋಳಕ್ಕೆ ಆರ್ಟೀಲಿಯಸ್‌ನ 1570ರ ಅಟ್ಲಾಸ್. ಸಮುದ್ರಯಾನಕ್ಕೆ ಹಕ್ಲೂಟ್ ಕೂಡಿಸಿದ ಇಂಗ್ಲಿಷರ ಯಾನಕಥನಗಳು (1589, ಹಿಗ್ಗಿಸಿದ ಆವೃತ್ತಿ 1598–1600). ವೆನಿಸ್‌ಗೆ ಅಲ್ಲಿನ ಆಡಳಿತದ ಬಗ್ಗೆ ಕಾಂಟರೀನಿ ಬರೆದ, 1599ರಲ್ಲಿ ಇಂಗ್ಲಿಷಿಗೆ ಬಂದ ಪುಸ್ತಕ. ಆಫ್ರಿಕಾಕ್ಕೆ ಲಿಯೋ ಆಫ್ರಿಕಾನಸ್ ಬರೆದ, 1600ರಲ್ಲಿ ಇಂಗ್ಲಿಷಿಗೆ ಬಂದ ಆ ಖಂಡದ ವರ್ಣನೆ. ತುರ್ಕರಿಗೆ ನೋಲ್ಸ್ ಬರೆದ ಅವರ ಚರಿತ್ರೆ (1603). ನಾಟಕಕ್ಕಿಂತ ಈಚಿನ ಪುಸ್ತಕ ಅದರ ಆಕರವಾಗಲಾರದು. ಹೇಳಬೇಕಾದ ಮಾತೇ ಅಲ್ಲ, ಆದರೂ ಜನ ಎಡವುವುದು ಇಲ್ಲೇ.

'ತಪ್ಪು' ಕಂಡಾಗ ಅವಸರ ಬೇಡ. ಮಾರ್ಲೋನ 'ಟ್ಯಾಂಬರ್ಲೇನ್' ಎರಡನೇ ಭಾಗದ ಮೊದಲ ಅಂಕದಲ್ಲಿ ನಾಯಕನ ಸೇನಾಪತಿ ಟೆಕೆಲೀಸ್ ತನ್ನ ದಂಡಯಾತ್ರೆಯನ್ನು ವಿವರಿಸುತ್ತ ಜಾಂಜಿಬಾರನ್ನು ಆಫ್ರಿಕಾದ ಪಶ್ಚಿಮ ಭಾಗ ಎನ್ನುತ್ತಾನೆ, ಅಲ್ಲಿ ನಿಂತು ಇಥಿಯೋಪಿಯಾದ ಸಮುದ್ರ ಕಂಡೆ ಎನ್ನುತ್ತಾನೆ. ಇಂದಿನ ನಕ್ಷೆಯಲ್ಲಿ ಜಾಂಜಿಬಾರ್ ಇರುವುದು ಪೂರ್ವದಲ್ಲಿ, ಹಾಗೆ ನೋಡಿದರೆ ಇದು ಹುಚ್ಚಾಟ. ಆರ್ಟೀಲಿಯಸ್‌ನ ಆಫ್ರಿಕಾ ನಕ್ಷೆ ತೆರೆಯಿರಿ: ಆ ಹೆಸರಿನ ಪ್ರಾಂತ ಪಶ್ಚಿಮ ಕರಾವಳಿಯಲ್ಲೇ ಇದೆ. ಮಾರ್ಲೋ ನಕ್ಷೆಯ ಮೇಲೆ ಬೆರಳಾಡಿಸುತ್ತಲೇ ಆ ಸಾಲುಗಳನ್ನು ಕಟ್ಟಿದ್ದಾನೆ. ಹಾಗೆಂದು ಎಲ್ಲದಕ್ಕೂ ನಕ್ಷೆಯೇ ಕಾರಣವಲ್ಲ. 'ದ ವಿಂಟರ್ಸ್ ಟೇಲ್‌'ನಲ್ಲಿ, ಸಮುದ್ರವೇ ಇಲ್ಲದ ಒಳನಾಡಾದ ಬೊಹೀಮಿಯಾಕ್ಕೆ ಕಡಲತೀರವಿದೆ. ಷೇಕ್ಸ್‌ಪಿಯರ್ ಮೂಲಕತೆಯ ಸಿಸಿಲಿ, ಬೊಹೀಮಿಯಾಗಳನ್ನು ಅದಲುಬದಲು ಮಾಡಿದ್ದ. ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ಇದನ್ನು ಆಡಿಕೊಂಡ.

ಮುಂದಿನ ಕೆಲಸ, ನಾಟಕದ ಘಟನೆಯನ್ನು ಚರಿತ್ರೆಯ ಪಕ್ಕ ಇಡುವುದು. 'ಒಥೆಲೋ'ದಲ್ಲಿ ಬಿರುಗಾಳಿ ತುರ್ಕರ ನೌಕಾಪಡೆಯನ್ನು ನುಂಗಿ ಸೈಪ್ರಸ್ ಉಳಿಯುತ್ತದೆ. ವಾಸ್ತವದಲ್ಲಿ ಸೈಪ್ರಸ್‌ನ ಕೋಟೆನಗರ ಫಾಮಗುಸ್ತಾ 1571ರಲ್ಲೇ ತುರ್ಕರ ಕೈಗೆ ಬಿದ್ದಿತ್ತು. 1604ರ ಪ್ರೇಕ್ಷಕರು ನೋಡುತ್ತಿದ್ದದ್ದು ಕೈತಪ್ಪಿಹೋದ ದ್ವೀಪವನ್ನು. ಡಾಬೋರ್ನ್‌ನ 'ಎ ಕ್ರಿಶ್ಚಿಯನ್ ಟರ್ನ್ಡ್ ಟರ್ಕ್' 1612ರಲ್ಲಿ ಅಚ್ಚಾಯಿತು. ಅದರಲ್ಲಿ ಮತ ಬದಲಿಸಿದ ಕಡಲ್ಗಳ್ಳ ವಾರ್ಡ್ ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ನಿಜವಾದ ಜಾನ್ ವಾರ್ಡ್ ಆಗ ಟುನಿಸ್‌ನಲ್ಲಿ ಸುಖವಾಗಿದ್ದ! ಇಂಥ ಬಿರುಕುಗಳಲ್ಲೇ ಲಂಡನ್ನಿನ ಭಯ, ಆಸೆ ಎರಡೂ ಕಾಣುತ್ತವೆ. ಟುನಿಸ್‌ಗೆ ಹೋಗಿ ತುರ್ಕನಾದವನು, ಅಂದರೆ ಮುಸ್ಲಿಮನಾದವನು, ಸುಖವಾಗಿ ಬಾಳಿದ ಎಂದು ರಂಗದ ಮೇಲೆ ತೋರಿಸುವಂತಿರಲಿಲ್ಲ.

ಒಂದು ಎಚ್ಚರಿಕೆ. ಕಾಲ ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದುಕೊಳ್ಳಬೇಡಿ. 1600ರಲ್ಲಿ ಮೊರಾಕ್ಕೋದ ರಾಯಭಾರಿ ಲಂಡನ್ನಿನಲ್ಲಿದ್ದ, ಒಥೆಲೋಗೆ ಅವನೇ ಮಾದರಿ ಎನ್ನುವವರಿದ್ದಾರೆ. ಪುರಾವೆಯಿಲ್ಲ. ಕತೆಯ ಹಂದರವಂತೂ ಇಟಲಿಯ ಕತೆಗಾರ ಚಿಂಥಿಯೋ 1565ರಲ್ಲಿ ಪ್ರಕಟಿಸಿದ ಕತೆಯದು.

ವೇಷಭೂಷಣ, ರಂಗಪರಿಕರಗಳಿಗೆ ಲಂಡನ್ನಿನ ರಂಗಮಂದಿರದ ಒಡೆಯ ಹೆನ್ಸ್‌ಲೋನ 1598ರ ದಾಸ್ತಾನು ಪಟ್ಟಿ ನೋಡಿ: ತಾಮ್ರದ ಲೇಸು ಹಾಕಿದ ಟ್ಯಾಂಬರ್ಲೇನ್‌ನ ಕೋಟು, ಅವನ ಕಡಿವಾಣ, ಜೊತೆಗೆ ಇಡೀ 'ರೋಮ್ ನಗರ'. ನಗರವೂ ಉಗ್ರಾಣದಲ್ಲಿ ಒಂದು ಸಾಮಾನು.

ಮೂಲ ಮುದ್ರಣಗಳ ಡಿಜಿಟಲ್ ಪಠ್ಯದಲ್ಲಿ ಹುಡುಕುವಾಗ ಹಳೆಯ ಕಾಗುಣಿತ ಕೈಕೊಡುತ್ತದೆ. ಆಗ 'ಜೆ' ಇರಬೇಕಾದಲ್ಲಿ 'ಐ' ಅಚ್ಚುಹಾಕುತ್ತಿದ್ದರು. 'ಯು', 'ವಿ' ಒಂದರ ಜಾಗದಲ್ಲಿ ಇನ್ನೊಂದು ಬರುತ್ತಿದ್ದವು. 1633ರ ಮುಖಪುಟದಲ್ಲೂ 'ಜ್ಯೂ' ಪದ 'ಐ'ಯಿಂದಲೇ ಶುರುವಾಗುತ್ತದೆ. ಹೊಸ ಕಾಗುಣಿತದಲ್ಲಿ ಏನೂ ಸಿಗಲಿಲ್ಲವೆಂದರೆ ಅಕ್ಷರ ಬದಲಿಸಿ ಮತ್ತೆ ಹುಡುಕಿ.