ಟಿಪ್ಪಣಿ ಆಣೆಯಲ್ಲಿ, ರೋವರ್ ಸೆಂಟಿಮೀಟರಿನಲ್ಲಿ

ನವಲಗುಂದ ಕಡೆಯ ಎರೆ ಹೊಲ ಅಳೆಯಲು ನಾನು ಹೋಗುವುದು ಬೇಸಿಗೆಯಲ್ಲೇ. ಹಿಂಗಾರಿ ಪೀಕು ಮನೆ ಸೇರಿರುತ್ತದೆ, ಹೊಲ ಬಯಲಾಗಿರುತ್ತದೆ. ಮಳೆ ಬಿತ್ತೋ, ಕಾಲು ಕಿತ್ತಿಡುವುದೇ ಕಷ್ಟ.

ಮೊದಲು ಹಳೆ ಟಿಪ್ಪಣಿಯ, ಅಂದರೆ ಹಿಂದಿನ ಮೋಜಣಿಯಲ್ಲಿ (ಭೂಮಾಪನದಲ್ಲಿ) ಹೊಲದ ಅಳತೆ ಬರೆದಿಟ್ಟ ಹಾಳೆಯ, ನಕಲು ತೆಗೆಸುತ್ತೇನೆ. ಧಾರವಾಡ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತಲ್ವಾ, ಇಲ್ಲಿ ಮೋಜಣಿ ನಡೆದದ್ದು ಅಲ್ಲಿನ ಪದ್ಧತಿಯಲ್ಲಿ. ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಎಷ್ಟು ಸಲೀಸು ನೋಡಿ! ಮೀಟರಿಗೆ ತಂದರೆ ಸರಪಳಿ 10.058, ಆಣೆ ಸುಮಾರು 63 ಸೆಂಟಿಮೀಟರ್.

ಈ ಸಲ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಹೊಲ ಪಾಲು ಮಾಡುವ ಕೆಲಸ. ನಾನು ಸಲಿಕೆ ಕೇಳಿದ್ದು ನೋಡಿ ಅಣ್ಣ, "ಸರ, ಮಶಿನ್ ಉಪಗ್ರಹ ನೋಡಿ ಹೇಳತೈತಲ್ರಿ, ಕಲ್ಲ ಯಾಕ ಹುಡುಕ್ತೀರಿ?" ಅಂದ. ರೋವರ್ ಅಂದರೆ ಆ ಉಪಗ್ರಹದ ಮಶಿನ್ನೇ; ಅದು ನಾವು ನಿಂತ ಜಾಗ ಹೇಳುತ್ತದೆ ಅಷ್ಟೇ. ಹೊಲದ ಹದ್ದು (ಗಡಿ) ಎಲ್ಲಿದೆ ಅಂತ ಅದಕ್ಕೇನು ಗೊತ್ತು?

ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗಡಿಗೆ ನೆಟ್ಟ ಬಾಂದಗಲ್ಲು ವಾಲುತ್ತವೆ. ಟ್ರ್ಯಾಕ್ಟರ್ ಕಿತ್ತು ಹಾಕಿದ್ದನ್ನು ಯಾರೋ ಸುಮ್ನೆ ಬದುವಿಗೆ ಒರಗಿಸಿರುತ್ತಾರೆ. ಅದಕ್ಕೇ ಒಂದು ಕಲ್ಲನ್ನು ನಂಬುವುದಿಲ್ಲ. ಮೂರು ಸರ್ವೇ ನಂಬರು ಕೂಡುವ ಕಡೆ ಕಲ್ಲು ಹುಡುಕಿ, ಬುಡ ಕೆದರಿ ನೋಡಿ, ರೋವರ್ 'ಫಿಕ್ಸ್' (ಜಾಗ ಸೆಂಟಿಮೀಟರ್ ಮಟ್ಟಿಗೆ ಸಿಕ್ಕಿದೆ) ಅಂತ ತೋರಿಸಿದ ಮೇಲೆ ಓದುತ್ತೇನೆ. ಕಲ್ಲಿಂದ ಕಲ್ಲಿಗೆ ಬಂದ ಅಂತರ ಟಿಪ್ಪಣಿಗೆ ಹೊಂದಬೇಕು. ಹೊಂದದ ಕಲ್ಲು ಲೆಕ್ಕಕ್ಕಿಲ್ಲ.

ಇಲ್ಲೊಂದು ಸಣ್ಣ ತಿರುವು ಇದೆ. ಯುಟಿಎಂ ಅಂದರೆ ದುಂಡು ಭೂಮಿಯನ್ನು ವಲಯ ವಲಯವಾಗಿ ಸಪಾಟು ನಕ್ಷೆಗೆ ಇಳಿಸುವ ಪದ್ಧತಿ; ಅದರ 43ನೇ ವಲಯದ ನಡುರೇಖೆ 75 ಡಿಗ್ರಿ ಪೂರ್ವ ರೇಖಾಂಶ. ಅದು ಧಾರವಾಡದ ಪಕ್ಕದಲ್ಲೇ ಹಾಯ್ದು ಹೋಗುತ್ತದೆ. ಆ ರೇಖೆಯ ಮೇಲೆ ಅಳತೆಯನ್ನು ಬೇಕಂತಲೇ 0.9996ಕ್ಕೆ ಇಳಿಸಿದ್ದಾರೆ. ನಮ್ಮ ನೆಲದ ಎತ್ತರವೂ ಸೇರಿದರೆ ನಕ್ಷೆ ಲೆಕ್ಕದ ಅಂತರ ನೆಲದ ಅಂತರಕ್ಕಿಂತ ಕಿಲೋಮೀಟರಿಗೆ ಹತ್ತಿರ ಹತ್ತಿರ ಅರ್ಧ ಮೀಟರ್ ಕಮ್ಮಿ ಬರುತ್ತದೆ. ಆದ್ದರಿಂದ ಟಿಪ್ಪಣಿ ಜೊತೆ ತಾಳೆ ನೋಡುವಾಗ ನೆಲದ ಅಂತರವನ್ನೇ ತೆಗೆದುಕೊಳ್ಳುತ್ತೇನೆ.

ಬಾಜೂ ಹೊಲದ ಬದು ಒಂದಡಿ ಒಳಗೆ ಬಂದಿದೆ ಅಂತ ತಮ್ಮ ಪರದೆ ನೋಡಿ ಸಿಟ್ಟಾದ. "ತಮ್ಮಾ, ಒಂದ್ ಆಣೆ ಅಂದ್ರ ಎರಡ ಅಡಿ. ಟಿಪ್ಪಣಿ ಬರದದ್ದ ಆಣೆ ಲೆಕ್ಕದಾಗ. ಈ ಒಂದಡಿಗೆ ಬದುವಿಗೆ ಕೈ ಹಚ್ಚಬ್ಯಾಡ" ಅಂದೆ. ಅಷ್ಟಕ್ಕೆ ಒತ್ತುವರಿ ಅಂತ ನಾನು ಬರೆಯುವುದಿಲ್ಲ, ಯಾರು ಎಷ್ಟೇ ಒತ್ತಾಯ ಮಾಡಲಿ.

ಅಣ್ಣತಮ್ಮಂದಿರ ನಡುವಿನ ಹೊಸ ಗೆರೆಗೆ ಮಾತ್ರ ಸೆಂಟಿಮೀಟರ್ ಲೆಕ್ಕವನ್ನೇ ಹಿಡಿದೆ. ಆ ಗೆರೆ ಹಳೆ ಟಿಪ್ಪಣಿಯಲ್ಲಿ ಇಲ್ಲವೇ ಇಲ್ಲ.