ಹದಿನಾಲ್ಕು ದಿನದ ಮಾತ್ರೆ

ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದವರಿಗೆ ಕ್ಲೋರೋಕ್ವಿನ್ 3 ದಿನ, ಪ್ರಿಮಾಕ್ವಿನ್ 14 ದಿನ. ಮೂರ್ನಾಲ್ಕು ದಿನಕ್ಕೆ ಜ್ವರ ಬಿಡುತ್ತದೆ. ಆಮೇಲೆ ಮಾತ್ರೆ ಯಾರಿಗೆ ಬೇಕು ಅಲ್ವಾ? ಆದರೆ ಲಿವರಿನಲ್ಲಿ ಅಡಗಿ ಕುಳಿತ ರೋಗಾಣು ಸಾಯುವುದು ಪ್ರಿಮಾಕ್ವಿನ್‌ನಿಂದ. ಅರ್ಧಕ್ಕೆ ಬಿಟ್ಟರೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಜ್ವರ ಮತ್ತೆ ಬರಬಹುದು. ಹಾಗಾಗಿ ಯಾರಾದರೂ ರೋಗಿ ಇರುವಲ್ಲಿಗೇ ಹೋಗಿ "ಇವತ್ತಿನ ಮಾತ್ರೆ ತಗೊಂಡ್ರಾ?" ಎಂದು ಕೇಳಬೇಕು.

ನಾನು ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ನಮ್ಮಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ, ಹೊರರಾಜ್ಯದ ಕಾರ್ಮಿಕರು ಬರುತ್ತಾರೆ. ಹಗಲು ಅವರು ರೂಮಿನಲ್ಲಿ ಸಿಗುವುದಿಲ್ಲ. ಮಲೇರಿಯಾ ಪತ್ತೆಗೆ ರಕ್ತ ಲೇಪನ (ಗಾಜಿನ ಸ್ಲೈಡಿನ ಮೇಲೆ ಹನಿ ರಕ್ತ) ತೆಗೆಯಬೇಕಾದರೆ ಸಂಜೆ ಏಳರ ಮೇಲೆ ಹೋಗಬೇಕು. ನಮ್ಮ ಸಿಸ್ಟರ್, ಆಶಾ ಕಾರ್ಯಕರ್ತೆಯರು, ಆರೋಗ್ಯ ನಿರೀಕ್ಷಣಾಧಿಕಾರಿ ಮಳೆಯಲ್ಲೇ ಕೊಡೆ ಹಿಡಿದು ಹೋಗುತ್ತಿದ್ದರು. ಸಂಜೆ ಹೋಗುವುದಕ್ಕೆ ಆದೇಶ ಇರಲಿಲ್ಲ, ಅದಕ್ಕೆಂದು ಬೇರೆ ದುಡ್ಡೂ ಇರಲಿಲ್ಲ.

2022ರ ಮಳೆಗಾಲದಲ್ಲಿ ಅದು ನಿಂತುಹೋಯಿತು. ಯಾರೂ ಜಗಳ ಮಾಡಲಿಲ್ಲ. ನಾಲ್ಕೂವರೆಗೆ ಬ್ಯಾಗ್ ಎತ್ತಿಕೊಂಡು ಹೊರಟರು, ಅಷ್ಟೇ. ರಿಜಿಸ್ಟರಿನಲ್ಲಿ ಒಬ್ಬ ರೋಗಿಯ ಹೆಸರಿನ ಮುಂದೆ 14 ದಿನಕ್ಕೂ ಟಿಕ್ ಇತ್ತು. ಅದೇ ರೋಗಿ ಚಳಿಜ್ವರ ಅಂತ ಮತ್ತೆ ಬಂದಾಗ ನನಗೆ ಗೊತ್ತಾಯಿತು.

ಸಿಟ್ಟು ಬಂತು. ಓಪಿಡಿಯಲ್ಲಿ ರೋಗಿಗಳ ಎದುರೇ ಸಿಸ್ಟರಿಗೆ ಬೈದೆ. ಅವರು ಉತ್ತರ ಕೊಡಲಿಲ್ಲ. ಮರುದಿನದಿಂದ ಏನು ಹೇಳಿದರೂ "ಆಯ್ತು ಡಾಕ್ಟ್ರೇ", ಅದರಾಚೆ ಒಂದು ಮಾತಿಲ್ಲ.

ಹಿರಿಯ ಆಶಾ ಒಬ್ಬರು ಬಾಗಿಲ ಬಳಿ ನಿಂತು ಹೇಳಿದರು: "ಡಾಕ್ಟ್ರೇ, ಕೋವಿಡ್ ಟೈಮಲ್ಲಿ ಆ ಸಿಸ್ಟರ್ ಮಗುವನ್ನು ತಾಯಿ ಮನೆಯಲ್ಲಿ ಬಿಟ್ಟು ಡ್ಯೂಟಿಗೆ ಬಂದಿದ್ರು. ಮಗು ಹೇಗಿದೆ ಅಂತ ನೀವು ಒಂದು ದಿನ ಕೇಳಿದ್ರಾ?" ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಮಾಸಿಕ ಸಭೆಯಲ್ಲಿ ಎಲ್ಲರ ಎದುರು ಸಿಸ್ಟರಲ್ಲಿ ಕ್ಷಮೆ ಕೇಳಿದೆ. ಬೈದದ್ದು ಹತ್ತು ಜನರ ಎದುರು, ಕ್ಷಮೆ ಮಾತ್ರ ಗುಟ್ಟಾಗಿ ಕೇಳಿದರೆ ಸರಿಯಲ್ಲ ಅನಿಸಿತು. ಆಮೇಲೆ ಒಬ್ಬೊಬ್ಬರ ಹತ್ತಿರವೂ ಕುಳಿತು ಒಂದೇ ಪ್ರಶ್ನೆ ಕೇಳಿದೆ: ಯಾವ ಕೆಲಸ ಮಾಡುವಾಗ ಬೇಜಾರಾಗುತ್ತದೆ? ಸಂಬಳದ ಮಾತು ಮೊದಲು ಬರಬಹುದು ಅಂದುಕೊಂಡಿದ್ದೆ. ಬಂದದ್ದು ಫೋಟೋ. ಮನೆ ಭೇಟಿಗೆ ಹೋದಾಗೆಲ್ಲ ರೋಗಿಯ ಜೊತೆ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕಿತ್ತು. "ಹೋಗಿದ್ದೇವೆ ಅಂದ್ರೆ ನೀವು ನಂಬುದಿಲ್ಲ ಅಂತ ಆಯ್ತಲ್ಲ" ಅಂದರು ಒಬ್ಬರು. ಆ ನಿಯಮ ಮೇಲಿನಿಂದ ಬಂದದ್ದಲ್ಲ. ನಾನೇ ಮಾಡಿದ್ದು. ಎಷ್ಟೋ ವರ್ಷದಿಂದ ಊರಿನ ಪ್ರತಿ ಮನೆಯ ಅಡುಗೆಕೋಣೆಗೂ ಹೋಗಿ ಬಂದವರಲ್ಲಿ ನಾನು ಸಾಕ್ಷಿ ಕೇಳುತ್ತಿದ್ದೆ. ಅದೇ ದಿನ ನಿಲ್ಲಿಸಿದೆ.

ಉಳಿದದ್ದು ಸಣ್ಣ ಸಣ್ಣ ಕೆಲಸ. ಆಶಾ ಪ್ರೋತ್ಸಾಹಧನದ ಪಟ್ಟಿ ಕಳಿಸುವ ಮೊದಲು ಒಂದು ಮಧ್ಯಾಹ್ನ ಅವರ ಜೊತೆಯೇ ಕುಳಿತು ನೋಡುತ್ತೇನೆ. ಪೋರ್ಟಲ್‌ನಲ್ಲಿ ಒಂದು ಎಂಟ್ರಿ ಬಿಟ್ಟುಹೋದರೂ ಆ ದುಡ್ಡು ಹೋದಂತೆ. ಸಂಜೆ ಕಾರ್ಮಿಕರ ರೂಮಿಗೆ ಹೋದವರು ಚಲನವಲನ ವಹಿಯಲ್ಲಿ ಬರೆದು ಮರುದಿನ ತಡವಾಗಿ ಬರಬಹುದು. ಆರರ ಮೇಲೆ ತುರ್ತು ಇಲ್ಲದಿದ್ದರೆ ಗ್ರೂಪಿಗೆ ನಾನು ಮೆಸೇಜ್ ಹಾಕುವುದಿಲ್ಲ.

ದೊಡ್ಡದು ನನ್ನ ಕೈಯಲ್ಲಿಲ್ಲ. ಮಾರ್ಚ್ ಹತ್ತಿರ ಬಂದರೆ ಗುತ್ತಿಗೆ ನೌಕರರ ಮುಖ ಬಾಡುತ್ತದೆ, ನವೀಕರಣದ ಚಿಂತೆ. ಖಾಲಿ ಹುದ್ದೆ ಖಾಲಿಯೇ ಇದೆ. ಇದನ್ನು ಒಳ್ಳೆಯ ಮಾತಿನಿಂದ ಸರಿಮಾಡಬಹುದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಸಿಸ್ಟರ್ ತಾವಾಗಿಯೇ ಸ್ಲೈಡಿನ ಪೆಟ್ಟಿಗೆ ಹಿಡಿದು ಹೊರಟರು, ಇಬ್ಬರು ಆಶಾ ಜೊತೆಗೆ. ಲ್ಯಾಬ್ ಟೆಕ್ನಿಶಿಯನ್ ಹೋಗಲಿಲ್ಲ. ಅವರದು ಗುತ್ತಿಗೆ ಕೆಲಸ, ಮನೆಯಲ್ಲಿ ಸಣ್ಣ ಮಕ್ಕಳು. ಈಗಲೂ ನಾಲ್ಕೂವರೆಗೆ ಹೊರಡುತ್ತಾರೆ. ನಾನು ಕೇಳುವುದಿಲ್ಲ. ಬೆಳಿಗ್ಗೆ ಸ್ಲೈಡುಗಳು ಅವರ ಮೇಜಿನ ಮೇಲಿರುತ್ತವೆ. ಮಧ್ಯಾಹ್ನದೊಳಗೆ ವರದಿ ನನ್ನ ಕೈಗೆ ಬರುತ್ತದೆ.